ನಾಲ್ಕನೆಯ ಪಟ್ಟಿಯ ಹಸಿರು

ಟ್ಯಾಮ್ಸಿನ್ ಡಿರೀನ್‌ಗೆ ಮೂಗಿನ ತುದಿಯಲ್ಲೇ ಕೋಪ ಎಂಬುದು ಹೋಬಾರ್ಟಿನ ಅವಳ ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಏಪ್ರಿಲ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅದು ಜಗತ್ತಿಗೇ ಗೊತ್ತಾಯಿತು.

ಆದದ್ದು ಇಷ್ಟು. ಅವಳ ಕಂಪನಿಯ ಕೆಲಸ ಸಮುದ್ರದ ಬಲೆಪಂಜರಗಳಲ್ಲಿರುವ ಮೀನುಗಳನ್ನು ಕ್ಯಾಮೆರಾದಲ್ಲಿ ಎಣಿಸುವುದು. ಎಣಿಸುವ ಪ್ರೋಗ್ರಾಮನ್ನು ಪರೀಕ್ಷಿಸಲು ಪ್ರತಿ ಸಲ ಕ್ಯಾಮೆರಾವನ್ನು ನೀರಿಗಿಳಿಸಲಾಗುತ್ತದೆಯೇ? ಅದಕ್ಕಾಗಿ ಇಲ್ಲದ ಕ್ಯಾಮೆರಾ ಒಂದಿದೆ. ಕಂಪ್ಯೂಟರಿನ ಹೊಟ್ಟೆಯೊಳಗೆ, ಕರ್ನಲ್ ಎಂಬ ಎಲ್ಲಕ್ಕಿಂತ ಒಳಗಿನ ಕೋಣೆಯಲ್ಲಿ ಕೂತಿರುವ ಒಂದು ಡ್ರೈವರ್. ಅದಕ್ಕೆ ಗಾಜಿಲ್ಲ, ಡಬ್ಬಿಯಿಲ್ಲ, ತಂತಿಯಿಲ್ಲ. ಯಾರಾದರೂ ತೆರೆದರೆ ‘ನಾನೂ ಕ್ಯಾಮೆರಾನೇ’ ಎಂದು ಗಂಭೀರವಾಗಿ ಎಂಟು ಬಣ್ಣದ ಪಟ್ಟಿಗಳನ್ನು ಬಿಡಿಸಿ ತೋರಿಸುತ್ತದೆ. ಬಿಳಿ, ಹಳದಿ, ತಿಳಿನೀಲಿ, ಹಸಿರು, ನೇರಳೆಗೆಂಪು, ಕೆಂಪು, ನೀಲಿ, ಕಪ್ಪು. ಮೂಲೆಯಲ್ಲಿ ಚಿತ್ರದ ಸಂಖ್ಯೆ ಓಡುತ್ತಿರುತ್ತದೆ. ಪ್ರಪಂಚದ ಸಾವಿರಾರು ಯಂತ್ರಗಳಲ್ಲಿ ಹನ್ನೊಂದು ವರ್ಷಗಳಿಂದ ಇದೇ ನಾಟಕ ನಡೆದಿದೆ.

ಆದರೆ ಅದಕ್ಕೊಂದು ರೋಗವಿತ್ತು. ಮೂರು ನಾಲ್ಕು ದಿನಕ್ಕೊಮ್ಮೆ, ಕ್ಯಾಮೆರಾ ಮುಚ್ಚುವ ಹೊತ್ತಿಗೆ, ಯಂತ್ರವೇ ಮರಗಟ್ಟಿ ನಿಂತುಬಿಡುತ್ತಿತ್ತು. ಕರ್ನಲ್‌ನ ಆ ಭಾಗದ ಯಜಮಾನತಿ, ನೆದರ್ಲೆಂಡ್ಸಿನ ಅನ್ನೆಲೀಸ್, ಖಡಾಖಂಡಿತವಾಗಿ ಬರೆದಿದ್ದಳು: ‘ಕರ್ನಲ್‌ನ ಈ ಸಲದ ಆವೃತ್ತಿಗೆ ಬಾಗಿಲು ಮುಚ್ಚುವುದರೊಳಗೆ ಯಾರಾದರೂ ಇದನ್ನು ಸರಿಮಾಡದಿದ್ದರೆ ಈ ಡ್ರೈವರನ್ನೇ ಕಿತ್ತುಹಾಕುತ್ತೇನೆ.’ ಆ ಮಂಗಳವಾರಕ್ಕೆ ಇನ್ನು ಮೂರು ವಾರ ಉಳಿದಿತ್ತು.

ಟ್ಯಾಮ್ಸಿನ್ ಎರಡು ತಿಂಗಳ ಮೊದಲೇ ಸೆರಗು ಬಿಗಿದವಳ ಹಾಗೆ ಇಳಿದಿದ್ದಳು. ಡ್ರೈವರಿನೊಳಗೆ ಮೂರು ಕೆಲಸಗಾರರು ಮಾಡುತ್ತಿದ್ದುದನ್ನು ಒಬ್ಬನೇ ಮಾಡುವಂತೆ ತಿದ್ದಿದಳು, ಒಂಬೈನೂರು ಸಾಲು ಅಳಿಸಿದಳು. ದಾರಿಯಲ್ಲಿ ಇನ್ನೊಂದು ತಪ್ಪು ಸಿಕ್ಕಿತು. ಬಣ್ಣಗಳ ಪಟ್ಟಿಯಲ್ಲಿ ನಾಲ್ಕನೆಯದು, ಹಸಿರು, ಯಾವ ನಿಯಮಕ್ಕೂ ಹೊಂದದ ವಿಚಿತ್ರ ಹಸಿರು. ಅದನ್ನೂ ಸರಿಮಾಡಿ, ಇಡೀ ಪ್ಯಾಚನ್ನು, ಅಂದರೆ ತಿದ್ದುಪಡಿಗಳ ಕಟ್ಟನ್ನು, ಎಲ್ಲರೂ ಓದುವ ಮೇಲಿಂಗ್ ಲಿಸ್ಟಿಗೆ ಕಳಿಸಿದಳು.

ಉತ್ತರ ಬಂದದ್ದು ಆ ಡ್ರೈವರ್ ಬರೆದ ಫರ್ಗಸ್ ಥಾರ್ಪ್ ಎಂಬಾತನಿಂದ. ಒಂದೇ ಸಾಲು. ‘ಕೋಡ್ ಓದಿದೆ, ಅಚ್ಚುಕಟ್ಟಾಗಿದೆ. ನಾಲ್ಕನೆಯ ಪಟ್ಟಿಯಲ್ಲಿ ನಿಮಗೆ ಏನು ಕಾಣುತ್ತಿದೆ?’

ಹಸಿರು ಸರಿಮಾಡಿದ್ದೇನೆ ಎಂದು ಬರೆದವಳನ್ನೇ ಏನು ಕಾಣುತ್ತಿದೆ ಎಂದು ಕೇಳುವುದೇ! ಪರೀಕ್ಷಿಸದೆ ಕಳಿಸಿದ್ದೀಯ ಎಂಬ ಕೊಂಕು ಅದರಲ್ಲಿ ಎದ್ದು ಕಾಣುತ್ತಿದೆ ಎಂದುಕೊಂಡಳು ಟ್ಯಾಮ್ಸಿನ್. ಬೆರಳು ತಲೆಗಿಂತ ಮುಂಚೆ ಓಡಿತು.

‘ಹಸಿರು. ಯಾಕೆ, ನಿಮಗೆ ಕಣ್ಣಿಲ್ಲವೇ?’

ಲಿಸ್ಟಿನಲ್ಲಿ ನಾಲ್ಕು ಸಾವಿರ ಜನ. ಅಲ್ಲಿ ಒಮ್ಮೆ ಬಿದ್ದ ಸಾಲನ್ನು ಯಾರೂ ಅಳಿಸಲಾರರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಇಂಥ ಜಾಗಕ್ಕೇ.

ಕಾಲು ಗಂಟೆಯಲ್ಲಿ ಉತ್ತರ ಬಂತು.

‘ಇಲ್ಲ. ಅದಕ್ಕೇ ಕೇಳಿದೆ. ಎಂಥ ಹಸಿರು?’

ಅದರ ಹಿಂದೆಯೇ ಅನ್ನೆಲೀಸಳ ಖಾಸಗಿ ಮೇಲ್. ‘ಟ್ಯಾಮ್ಸಿನ್, ಫರ್ಗಸ್‌ಗೆ ಇಪ್ಪತ್ತನೆಯ ವಯಸ್ಸಿನಿಂದ ದೃಷ್ಟಿಯಿಲ್ಲ. ಬಣ್ಣದ ಪ್ಯಾಚ್ ಬಂದಾಗಲೆಲ್ಲ ಅವನು ಹಾಗೆ ಕೇಳುತ್ತಾನೆ, ಹಳಬರೆಲ್ಲ ಕಂಡದ್ದನ್ನು ಕಂಡಹಾಗೆ ಬರೆಯುತ್ತೇವೆ. ಹೇಳಬೇಕಿತ್ತು, ತಪ್ಪು ನನ್ನದು. ಅಂದಹಾಗೆ ನೀವಿಬ್ಬರೂ ಒಂದೇ ದ್ವೀಪದವರು. ಅವನಿರುವುದು ನಿಮ್ಮ ಹೋಬಾರ್ಟಿನ ದಕ್ಷಿಣಕ್ಕಿರುವ ಫ್ರಾಂಕ್ಲಿನ್‌ನಲ್ಲಿ.’

ನೆಲ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಎನ್ನಿಸಿತು ಅವಳಿಗೆ. ಕ್ಷಮೆ ಕೇಳಿ ಹನ್ನೊಂದು ಸಲ ಬರೆದು ಹನ್ನೊಂದು ಸಲವೂ ಅಳಿಸಿದಳು. ಶನಿವಾರ ಬೆಳಿಗ್ಗೆ ಕಾರು ತೆಗೆದು, ಹ್ಯೂಆನ್ ನದಿಯ ಗುಂಟ ದಕ್ಷಿಣಕ್ಕೆ ಹೊರಟಳು.

*

ಬಾಗಿಲು ತೆಗೆದವಳು ಎಪ್ಪತ್ತರ ಆಚೆಯ, ಹಿಟ್ಟು ಮೆತ್ತಿದ ಕೈಯ ಹೆಂಗಸು. ಫರ್ಗಸ್‌ನ ಸೋದರತ್ತೆ ಮರ್ಲ್.

“ನಾನು ಟ್ಯಾಮ್ಸಿನ್ ಅಂತ...”

“ಓ! ಕಣ್ಣಿಲ್ವಾ ಅಂತ ಕೇಳಿದೋಳು ನೀನೇನಾ?” ಮರ್ಲ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಅವನು ಅವತ್ತು ನಕ್ಕಿದ್ದು ನೋಡ್ಬೇಕಿತ್ತು ಕಣೇ. ಟೀ ಎಲ್ಲಾ ಮೈಮೇಲೆ ಚೆಲ್ಕೊಂಡ. ಬಾ ಒಳಗೆ.”

“ನಕ್ಕರಾ?”

“ಹದಿನೆಂಟು ವರ್ಷ ಆಯ್ತು ಮಗಳೇ, ಎಲ್ರೂ ಅವನ ಮುಂದೆ ಮೆತ್ತಮೆತ್ತಗೆ ಮಾತಾಡ್ತಾರೆ, ಸಾವಿನ ಮನೇಲಿ ಮಾತಾಡ್ದಂಗೆ. ನೇರವಾಗಿ ಬೈದೋಳು ನೀನೊಬ್ಳೇ.”

ಹಿಂದಿನ ಕೋಣೆಯ ಕಿಟಕಿಯಾಚೆ ನದಿ, ಅದರ ಮೇಲೆ ಮರದ ದೋಣಿಗಳು. ಕಿಟಕಿಗೆ ಬೆನ್ನು ಹಾಕಿ ಕುಳಿತಿದ್ದ ಫರ್ಗಸ್. ಉದ್ದನೆಯ ಆಸಾಮಿ, ಬಾಚದ ಕೂದಲು, ಮೊಣಕೈ ಸವೆದ ಸ್ವೆಟರ್. ಟ್ಯಾಮ್ಸಿನ್ ಬಾಗಿಲಲ್ಲೇ ನಿಂತುಬಿಟ್ಟಳು. ಕ್ಯಾಮೆರಾ ಬರೆದವನ ಮೇಜಿನ ಮೇಲೆ ಪರದೆಯೇ ಇರಲಿಲ್ಲ.

ಒಂದು ಕೀಬೋರ್ಡ್, ಅದರ ಮುಂದೆ ಗೇಣುದ್ದದ ಒಂದು ಬ್ರೈಲ್ ಪಟ್ಟಿ. ಆ ಪಟ್ಟಿಯ ಮೇಲೆ ಸಣ್ಣ ಸಣ್ಣ ಮೊಳೆಗಳು ಏಳುತ್ತಿದ್ದವು, ಬೀಳುತ್ತಿದ್ದವು, ಅವನ ಬೆರಳು ಅವುಗಳ ಮೇಲೆ ಹರಿಯುತ್ತಿತ್ತು. ಓದುತ್ತಿದ್ದುದು ಅವಳದೇ ಕೋಡ್. ತಾನು ಎರಡು ತಿಂಗಳು ಕಣ್ಣು ಕಿರಿದು ಮಾಡಿ ಬರೆದ ಸಾಲುಗಳನ್ನು ಒಬ್ಬ ಹೀಗೆ ಸವರುತ್ತ ಓದುವುದನ್ನು ನೋಡಿ ಅವಳ ಮೈ ಜುಮ್ಮೆಂದಿತು.

“ನಿಮ್ಮ ಕಾರಿನ ಬ್ರೇಕ್ ಸವೆದಿದೆ,” ಎಂದ ಅವನು ತಿರುಗದೆ. “ಮುಂದಿನ ಎಡ ಚಕ್ರ.”

“ಕ್ಷಮೆ ಕೇಳೋಕೆ ಬಂದೆ.”

“ಬ್ರೇಕ್ ಬಗ್ಗೆಯಾ?”

ಅವಳಿಗೆ ನಗು ಬಂತು. ನಗಬಾರದೆಂದು ತುಟಿ ಕಚ್ಚಿದಳು. “ನಗಿ, ಪರವಾಗಿಲ್ಲ. ತುಟಿ ಕಚ್ಚಿದ್ರೆ ಉಸಿರು ಗೊತ್ತಾಗುತ್ತೆ,” ಎಂದ ಅವನು. ಆಮೇಲೆ ಇಬ್ಬರೂ ನಕ್ಕರು.

ಟೀ ಬಂತು. ಅವಳು ಕೇಳಬೇಕೆಂದಿದ್ದುದನ್ನು ಕೇಳಿಯೇಬಿಟ್ಟಳು. “ಆ ಹಸಿರು. ಅದು ತಪ್ಪಲ್ಲ ಅಲ್ವಾ? ಬೇಕೂಂತ ಇಟ್ಟಿದ್ದು.”

ಅವನ ಬೆರಳು ಮೊಳೆಗಳ ಮೇಲೆ ನಿಂತಿತು.

“ನನ್ನ ತಾತನ ಹತ್ರ ಒಂದು ಚಿಕ್ಕ ದೋಣಿ ಇತ್ತು. ಹ್ಯೂಆನ್ ಪೈನ್ ಮರದ್ದು. ಆ ಮರಕ್ಕೆ ಈ ಕಣಿವೇಲಿ ಯಾರೂ ಬಣ್ಣ ಬಳಿಯಲ್ಲ, ಗೊತ್ತಲ್ಲ ನಿಮಗೆ?”

“ಗೊತ್ತು. ಕೊಳೆಯದ ಮರಕ್ಕೆ ಬಣ್ಣ ಬಳಿಯೋದು ಮಹಾಪಾಪ.”

“ತಾತ ಬಳಿದ. ಸೇಬು ತುಂಬೋ ಷೆಡ್ಡಿನ ಚಾವಣಿಗೆ ತಂದಿದ್ದ ಬಣ್ಣ ಮಿಕ್ಕಿತ್ತು, ಅದಕ್ಕೆ ಅರ್ಧ ಡಬ್ಬಿ ಕಪ್ಪು ಸುರಿದು ಬಳಿದೇಬಿಟ್ಟ. ಊರೆಲ್ಲ ಉಗೀತು. ಆ ಹಸಿರು ಯಾವ ಅಂಗಡೀಲೂ ಸಿಗಲ್ಲ. ನನ್ನ ಕಣ್ಣು ಹೋಗ್ತಾ ಇದ್ದಾಗ ಮಧ್ಯದಿಂದ ಕರಗ್ತಾ ಹೋಯ್ತು, ಬಣ್ಣ ಮೊದಲು ಹೋಯ್ತು. ಕೊನೆಗೆ ಉಳಿದಿದ್ದು ಅದೊಂದೇ. ದೋಣಿ ಒಳಗೆ ಮಲಗಿ ಅದನ್ನೇ ನೋಡ್ತಿದ್ದೆ.” ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದ. “ಮರೆತುಬಿಡ್ತೀನೇನೋ ಅಂತ ಭಯ ಆಯ್ತು. ಮೂರು ಅಂಕಿ ಮಾಡಿ ಕರ್ನಲ್‌ನಲ್ಲಿ ಇಟ್ಟೆ. ಅದಕ್ಕಿಂತ ಭದ್ರವಾದ ಜಾಗ ಎಲ್ಲಿದೆ?”

ಟ್ಯಾಮ್ಸಿನ್‌ಗೆ ಅರ್ಥವಾಯಿತು. ಪ್ರತಿ ಬಣ್ಣಕ್ಕೂ ಮೂರು ಅಂಕಿ, ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು ಎಂದು. ಇವನದು ನಲವತ್ತಾರು, ನೂರ ಒಂಬತ್ತು, ಎಂಬತ್ತೆರಡು. ಟೋಕಿಯೊದಲ್ಲಿ, ಬರ್ಲಿನ್ನಿನಲ್ಲಿ, ತನ್ನ ಆಫೀಸಿನಲ್ಲಿ, ಸಾವಿರಾರು ಜನ ಹನ್ನೊಂದು ವರ್ಷದಿಂದ ನೋಡುತ್ತಿದ್ದುದು ಒಬ್ಬ ಹುಡುಗನ ಕಣ್ಣಿಗೆ ಕಂಡ ಕೊನೆಯ ಬಣ್ಣವನ್ನು. ಅದನ್ನು ತಾನು ‘ತಪ್ಪು, ಸರಿಮಾಡಿದೆ’ ಎಂದು ಬರೆದು ಒರೆಸಿದ್ದಳು.

“ವಾಪಸ್ ಹಾಕ್ತೀನಿ,” ಎಂದಳು.

“ಬೇಡ. ನೀವು ಮಾಡಿದ್ದು ಸರಿ. ಪರೀಕ್ಷೆಗೆ ಇಟ್ಟಿರೋ ಬಣ್ಣ ಸರಿಯಾದ ಬಣ್ಣ ಆಗಿರ್ಬೇಕು.” ಹೇಳಿದ್ದು ಗಟ್ಟಿಯಾಗಿಯೇ. ಆದರೆ ಬೆರಳು ಮಾತ್ರ ಆ ಸಾಲನ್ನು ಬಿಟ್ಟು ಕದಲಲಿಲ್ಲ.

“ಆ ದೋಣಿ ಈಗ ಎಲ್ಲಿದೆ?”

“ಗೊತ್ತಿಲ್ಲ. ತಾತ ಹೋದ್ಮೇಲೆ ಮಾರಿದ್ರು. ನಾನು ಕೇಳಲಿಲ್ಲ.” ಲೋಟ ಕೆಳಗಿಟ್ಟು ಮೆಲ್ಲಗೆ ಎಂದ, “ಯಾರಾದ್ರೂ ನೋಡಿ, ‘ಫರ್ಗಸ್, ನಿನ್ನ ಹಸಿರು ಹೀಗಿರಲೇ ಇಲ್ಲ’ ಅಂದುಬಿಟ್ರೆ? ಆಮೇಲೆ ನನ್ನ ಹತ್ರ ಏನಿರುತ್ತೆ?”

*

ಅವಳ ಪ್ಯಾಚ್ ಹಾಕಿದ ಮೇಲೂ ಯಂತ್ರ ಮರಗಟ್ಟುತ್ತಲೇ ಇತ್ತು; ಎರಡನೆಯ ಶನಿವಾರ ಅವಳು ಆ ಬಗ್, ಅಂದರೆ ದೋಷ, ಹಿಡಿಯಲು ಬಂದಳು. ಹಾಗೆಂದು ತನಗೆ ತಾನೇ ಹೇಳಿಕೊಂಡಿದ್ದಳು. ಬಗ್ ಹಿಡಿಯಲು ಹೊಸ ಕೆಂಪು ಸ್ಕಾರ್ಫ್ ಯಾಕೆ ಬೇಕಿತ್ತು, ಅದೂ ಕಾಣದವನ ಮನೆಗೆ?

“ಹಾಳಾದ್ದು ಸಿಕ್ತಾನೇ ಇಲ್ಲ,” ಎಂದು ದೂರಿದಳು. “ಹೆಜ್ಜೆಹೆಜ್ಜೆಗೂ ಏನಾಯ್ತು ಅಂತ ಲಾಗ್ ಬರೆಸಿ ನೋಡೋಣ ಅಂದ್ರೆ, ಬರೆಸಿದ ಕೂಡ್ಲೇ ಮಾಯ. ತೆಗೆದ ಕೂಡ್ಲೇ ಹಾಜರ್.”

“ನೀನು ನೋಡ್ತಿದೀಯ ಅಂತ ಅದಕ್ಕೆ ನಾಚಿಕೆ. ನನ್ನ ಮುಂದೆ ಅದಕ್ಕೇನು ನಾಚಿಕೆ?” ‘ನೀವು’ ಎನ್ನುವುದು ಅವನ ಬಾಯಿಂದ ಯಾವಾಗ ಜಾರಿಹೋಯಿತೋ ಇಬ್ಬರೂ ಗಮನಿಸಲಿಲ್ಲ. ಗಮನಿಸಿದವಳು ಅಡುಗೆಮನೆಯಲ್ಲಿದ್ದ ಮರ್ಲ್ ಅತ್ತೆ ಮಾತ್ರ.

ಅವನು ಹಳೆಯ ಸ್ಪೀಕರೊಂದನ್ನು ಮೇಜಿನ ಮೇಲಿಟ್ಟ. ಕರ್ನಲ್‌ಗೆ ತೊಂದರೆಯಾಗದಂತೆ ಹೊರಗಿನಿಂದಲೇ ಕಿವಿಗೊಡುವ ಒಂದು ಸಣ್ಣ ಪ್ರೋಗ್ರಾಮ್ ಬರೆದಿದ್ದ. ಒಳಗೆ ಡ್ರೈವರ್ ಒಂದು ಚಿತ್ರ ಬಿಡಿಸಿದರೆ ಹೊರಗೆ ಒಂದು ಟಕ್. ಸೆಕೆಂಡಿಗೆ ಐದು ಚಿತ್ರ, ಐದು ಟಕ್. ಎರಡು ಪ್ರೋಗ್ರಾಮುಗಳು ಸರದಿಯ ಮೇಲೆ ಕ್ಯಾಮೆರಾವನ್ನು ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು.

ಟಕ್ ಟಕ್ ಟಕ್ ಟಕ್. ಮೌನ. ಟಕ್ ಟಕ್ ಟಕ್. ಮೌನ.

ಅವಳು ತನ್ನ ಲ್ಯಾಪ್‌ಟಾಪಿನ ಬಣ್ಣದ ಪಟ್ಟಿಗಳನ್ನು ನೋಡುತ್ತ ಕುಳಿತಳು, ಅವನು ಗೋಡೆಗೆ ತಲೆಯೊರಗಿಸಿ ಕೇಳುತ್ತ ಕುಳಿತ. ಗಂಟೆಯೊಂದು ಕಳೆಯಿತು. ಮರ್ಲ್ ಸ್ಕಾಲಪ್ ಚಿಪ್ಪುಮೀನಿನ ಪೈ ತಂದಿಟ್ಟಳು, ಅದರ ಮಸಾಲೆಯ ಘಮ ಕೋಣೆಯೆಲ್ಲ ತುಂಬಿತು. ಅವನು ಕೇಳುತ್ತಿದ್ದಾಗ ಮುಖ ಎಷ್ಟು ನಿಶ್ಚಲವಾಗುತ್ತದೆ, ರೆಪ್ಪೆಗಳು ಎಷ್ಟು ಉದ್ದ ಎಂದೆಲ್ಲ ಅವಳು ಯಾವ ಸಂಕೋಚವೂ ಇಲ್ಲದೆ ನೋಡಿದಳು. ಕದ್ದು ನೋಡುವ ಕಷ್ಟವೇ ಇರಲಿಲ್ಲವಲ್ಲ.

“ಪಟ್ಟಿ ನೋಡು, ನನ್ನನ್ನಲ್ಲ,” ಎಂದ ಅವನು.

“ಯಾರು ನಿನ್ನ ನೋಡ್ತಿದಾರೆ?”

“ಪೈ ಬಾಯಿಗೆ ಹೋಗೋ ಸದ್ದು ನಿಂತು ಐದು ನಿಮಿಷ ಆಯ್ತು.”

ಅವಳ ಕೆನ್ನೆ ಸ್ಕಾರ್ಫಿನ ಬಣ್ಣಕ್ಕೆ ತಿರುಗಿತು. ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಅವನು ಬೆರಳೆತ್ತಿದ.

“ಬಂತು. ಕೇಳಿದ್ಯಾ?”

“ಏನು?”

“ಮುಚ್ಚಿದ ಮೇಲೆ ಒಂದು ಟಕ್. ನಾಲ್ಕನೇ ಸಲ ಇದು.”

ಅವಳು ಪರದೆಯನ್ನು ನೋಡಿದಳು. ಕ್ಯಾಮೆರಾ ಮುಚ್ಚಿತ್ತು, ಕಿಟಕಿ ಖಾಲಿ. ಅಲ್ಲೇನೂ ಇಲ್ಲ. ಅವಳು ಕಣ್ಣು ಮುಚ್ಚಿದಳು, ಅವನ ಹಾಗೆ. ಟಕ್ ಟಕ್ ಟಕ್ ಟಕ್. ಮೌನ. ಮತ್ತೆ ಮತ್ತೆ. ಕಡೆಗೊಮ್ಮೆ, ಆ ಮೌನದ ನಟ್ಟನಡುವೆ, ಯಾರೂ ಕರೆಯದೆ, ಯಾರಿಗೂ ಕಾಣದೆ, ಒಂದೇ ಒಂದು ಟಕ್.

ಹನ್ನೊಂದು ವರ್ಷ ಇಷ್ಟೊಂದು ಜನ ನೋಡುತ್ತಲೇ ಇದ್ದರು. ಮುಚ್ಚಿದ ಮೇಲೆ ನೋಡುವುದಕ್ಕೇನಿದೆ ಎಂದು ಎಲ್ಲರೂ ಮುಖ ತಿರುಗಿಸಿಬಿಡುತ್ತಿದ್ದರು. ಅದು ಅಲ್ಲೇ ಅಡಗಿತ್ತು. ಮರುಕ್ಷಣವೇ ಯಂತ್ರ ಮರಗಟ್ಟಿತು.

ಸಂಜೆಯೊಳಗೆ ಕೋಡಿನಲ್ಲಿ ತಪ್ಪಿದ್ದ ಸಾಲೂ ಸಿಕ್ಕಿತು. ಕ್ಯಾಮೆರಾ ಮುಚ್ಚುವಾಗ ಒಳಗಿನ ಕೆಲಸಗಾರ ಕೈಯಲ್ಲಿದ್ದ ಚಿತ್ರ ಮುಗಿಸಲಿ ಎಂದು ಡ್ರೈವರ್ ಒಂದು ಗಳಿಗೆ ಬೀಗ ತೆಗೆದಿಡುತ್ತಿತ್ತು. ಆ ಗಳಿಗೆಯಲ್ಲೇ ಇನ್ನೊಂದು ಪ್ರೋಗ್ರಾಮ್ ಒಳಗೆ ನುಗ್ಗುತ್ತಿತ್ತು.

“ಅತಿಥೀನ ಗೇಟಿನ ತನಕ ಬಿಟ್ಟುಬರೋಕೆ ಹೋದಾಗ ಬಾಗಿಲು ತೆಗೆದಿಟ್ರೆ ರಾತ್ರಿ ಅಲೆಯೋ ಪೊಸಮ್ ಒಳಗೆ ಬರುತ್ತೆ,” ಎಂದಳು ತಟ್ಟೆ ಎತ್ತುತ್ತಿದ್ದ ಮರ್ಲ್. “ಇದಕ್ಕೆ ಹನ್ನೊಂದು ವರ್ಷ ಬೇಕಾಯ್ತಾ ನಿಮಗೆ?”

“ಆ ಬಾಗಿಲು ತೆಗೆದಿಟ್ಟಿದ್ದು ನಾನೇ ಅತ್ತೆ,” ಎಂದ ಫರ್ಗಸ್ ಸಣ್ಣ ದನಿಯಲ್ಲಿ.

ಮದ್ದು ಸುಲಭವಿತ್ತು. ಬೀಗ ತೆಗೆಯುವುದೇ ಬೇಡ. ಕೆಲಸಗಾರ ಬಂದು ನೋಡಿ, ಬೀಗ ಇದ್ದರೆ ಬಾಗಿಲಲ್ಲಿ ಕಾಯುತ್ತ ನಿಲ್ಲದೆ ಹಿಂತಿರುಗಲಿ, ‘ಕೆಲಸ ನಿಲ್ಲಿಸಬೇಕೇ’ ಎಂದು ಕೇಳಿಕೊಳ್ಳಲಿ. ಹದಿನಾಲ್ಕು ಸಾಲು ಹೋಗಿ ಮೂರು ಸಾಲು ಬಂತು. ಅವನು ಹೇಳುತ್ತ ಹೋದ, ಅವಳು ಬರೆಯುತ್ತ ಹೋದಳು. ಇನ್ನು ಒಂದು ವಾರ ಯಂತ್ರ ನಿಲ್ಲದೆ ಓಡಿದರೆ ಡ್ರೈವರ್ ಉಳಿದಂತೆಯೇ.

ಕಾರಿನ ತನಕ ಬಿಡಲು ಬಂದವಳು ಮರ್ಲ್. “ಆ ದೋಣಿ ಇಲ್ಲೇ ಇದೆ ಕಣೇ,” ಎಂದಳು ಪಿಸುದನಿಯಲ್ಲಿ. “ದೋಣಿ ಕಟ್ಟೋ ಜೆಟ್ಟಿ ಹತ್ರದ ಷೆಡ್ಡಿನ ಹಿಂದೆ, ಬೋರಲು ಹಾಕಿ ಮಲಗಿಸಿದಾರೆ. ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.”

*

ಮೂರನೆಯ ಶನಿವಾರ ಟ್ಯಾಮ್ಸಿನ್ ಫರ್ಗಸ್‌ನ ಮನೆಗೆ ಹೋಗುವ ಮೊದಲು ಷೆಡ್ಡಿನ ಹಿಂದೆ ಹೋದಳು. ದೋಣಿಯ ಹೊರಮೈಯ ಬಣ್ಣವೆಲ್ಲ ಬಿಸಿಲಿಗೆ ಬೂದಿಯಾಗಿ ಸಿಪ್ಪೆಯೆದ್ದಿತ್ತು. ಅವಳು ಹುಲ್ಲಿನ ಮೇಲೆ ಅಂಗಾತ ಮಲಗಿ, ಕೆಳಗೆ ತೆವಳಿ, ಕೂರುವ ಹಲಗೆಯ ಮರೆಯಲ್ಲಿ ಫೋನಿನ ದೀಪ ಹಿಡಿದಳು. ಬಿಸಿಲು ತಾಕದ ಜಾಗದಲ್ಲಿ ಬಣ್ಣ ಹಾಗೆಯೇ ಇತ್ತು.

ಆಫೀಸಿನಲ್ಲಿ ಕ್ಯಾಮೆರಾ ಹೊಂದಿಸಲು ಬಳಸುವ ಬಣ್ಣದ ಕಾರ್ಡು ತಂದಿದ್ದಳು. ಅದನ್ನು ಪಕ್ಕದಲ್ಲಿಟ್ಟು ಚಿತ್ರ ತೆಗೆದಳು. ಅಂಕಿ ನೋಡುವ ಮೊದಲು ಫೋನನ್ನು ಎದೆಗೆ ಒತ್ತಿಕೊಂಡಳು. ದೂರವಿದ್ದರೆ? ಹೇಳುವುದೇ? ಸುಳ್ಳು ಹೇಳುವುದೇ? ಸುಳ್ಳು ಹೇಳಿದರೆ ಅವನಿಗೆ ಉಸಿರಲ್ಲೇ ಗೊತ್ತಾಗುತ್ತದೆ.

ನೋಡಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ ದೋಣಿಯ ಕೆಳಗೆ ಮಲಗಿದಂತೆಯೇ ಸುಮ್ಮನೆ ಅತ್ತಳು.

ಅರ್ಧ ಗಂಟೆಯ ಮೇಲೆ ಅವನನ್ನು ತೋಳು ಹಿಡಿಸಿ ಕರೆತಂದಳು. ಎಲ್ಲಿಗೆ ಎಂದು ಹೇಳಿರಲಿಲ್ಲ. ಆದರೆ ಮರಕ್ಕೆ ಕೈ ತಾಕಿದೊಡನೆ ಅವನು ನಿಂತ. ಅಂಚಿನ ಗುಂಟ ಬೆರಳು ಹೋಯಿತು, ಒಂದು ಕಡೆ ಸೀಳಿದ್ದ ಜಾಗಕ್ಕೆ ಬಂದು ನಿಂತಿತು.

“ನೋಡಿದ್ಯಾ?” ಎಂದ.

“ಹೂಂ.”

“ಹೇಳಬೇಡ.” ಒಂದು ಕ್ಷಣ ಬಿಟ್ಟು, “ಹೇಳು.”

“ನಲವತ್ತಾರು. ನೂರ ಹನ್ನೊಂದು. ಎಂಬತ್ತೊಂದು.”

ನದಿಯ ಮೇಲಿಂದ ಗಾಳಿ ಬೀಸಿತು. ಅವನು ಅಂಕಿಗಳನ್ನು ತುಟಿಯಲ್ಲೇ ಮತ್ತೊಮ್ಮೆ ಹೇಳಿಕೊಂಡ.

“ಹದಿನೆಂಟು ವರ್ಷ,” ಎಂದಳು ಟ್ಯಾಮ್ಸಿನ್. “ಕಣ್ಣಿರೋರಿಗೆ ನಿನ್ನೆ ಹಾಕಿದ ಅಂಗಿ ಬಣ್ಣ ನೆನಪಿರಲ್ಲ ಫರ್ಗಸ್. ನೀನು ಹದಿನೆಂಟು ವರ್ಷ ಇಟ್ಕೊಂಡು, ಎಲ್ಲಾ ಕೂಡಿದ್ರೂ ಮೂರೇ ಮೂರು ಆಚೀಚೆ ಮಾಡಿದೀಯ. ಯಾವ ಕಣ್ಣಿಗೂ ಗೊತ್ತಾಗಲ್ಲ ಅದು.”

ಅವನು ದೋಣಿಯ ಬೆನ್ನಿಗೆ ಹಣೆ ಹಚ್ಚಿ ಬಹಳ ಹೊತ್ತು ನಿಂತ. ಭುಜ ಅಲುಗುತ್ತಿತ್ತು. ಅವಳು ಅವನ ಸ್ವೆಟರಿನ ಸವೆದ ಮೊಣಕೈ ಹಿಡಿದುಕೊಂಡು ನಿಂತಳು.

“ನೂರ ಹನ್ನೊಂದಾ?” ಎಂದ ಕಡೆಗೆ, ಮೂಗು ಒರೆಸುತ್ತ. “ನಾನು ಅಷ್ಟು ಕಡಿಮೆ ಹೇಗೆ ಹಾಕಿದೆ?”

“ವಾಪಸ್ ಹಾಕ್ಲಾ? ಸರಿಯಾದ ಅಂಕಿನೇ ಹಾಕ್ತೀನಿ. ಹೊಸ ಪ್ಯಾಚ್ ಇನ್ನೂ ಕಳಿಸಿಲ್ಲ. ವಾರವೆಲ್ಲ ಓಡಿದೆ, ಒಂದು ಸಲಾನೂ ನಿಂತಿಲ್ಲ.”

“ಬೇಡ ಟ್ಯಾಮ್. ತೆಗೆದುಬಿಡು.” ಈ ಸಲ ಅವನ ಮಾತಿನಲ್ಲೂ ಬೆರಳಿನಲ್ಲೂ ಅಳುಕಿರಲಿಲ್ಲ. “ನನ್ನನ್ನು ಬಿಟ್ರೆ ಯಾರಿಗೂ ಗೊತ್ತಿಲ್ಲ ಅಂತ ಅಲ್ಲಿ ಇಟ್ಟಿದ್ದೆ. ಈಗ ನಿನಗೆ ಗೊತ್ತಲ್ಲ.”

ಇದಕ್ಕಿಂತ ನೇರವಾಗಿ ಅವನಿಗೆ ಹೇಳಲು ಬರುತ್ತಿರಲಿಲ್ಲ. ಅವಳಿಗೂ ಇದಕ್ಕಿಂತ ಹೆಚ್ಚು ಬೇಕಿರಲಿಲ್ಲ.

ಅವಳು ದೋಣಿಯ ಬೆನ್ನ ಮೇಲೆಯೇ ಲ್ಯಾಪ್‌ಟಾಪ್ ಇಟ್ಟು ಪ್ಯಾಚ್ ಕಳಿಸಿದಳು. ಅವನು ಫೋನಿಗೆ ಮೆಲ್ಲಗೆ ಹೇಳಿ ಉತ್ತರ ಬರೆಸಿದ. ಆ ‘ಕಣ್ಣಿಲ್ಲವೇ’ ಇರುವ ಮೇಲ್‌ಗಳ ಸರಣಿಯ ಕೊನೆಗೆ, ನಾಲ್ಕು ಸಾವಿರ ಜನರೆದುರು, ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಬಣ್ಣದ ಪ್ಯಾಚೊಂದಕ್ಕೆ ‘ಪರೀಕ್ಷಿಸಿದವರು’ ಎಂಬಲ್ಲಿ ತನ್ನ ಹೆಸರು ಹಾಕಿದ. ಸಂಜೆಯೊಳಗೆ ಅನ್ನೆಲೀಸ್ ಅದನ್ನು ಕರ್ನಲ್‌ನೊಳಗೆ ಸೇರಿಸಿಕೊಂಡಳು.

ಇಬ್ಬರೂ ಜೆಟ್ಟಿಯ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು.

“ಈಗ ಏನು ಕಾಣ್ತಿದೆ?” ಎಂದ ಅವನು, ವಾಡಿಕೆಯಂತೆ.

“ನದಿ. ಬಿಸಿಲು. ಎರಡು ಬಾತು, ಜಗಳ ಆಡ್ತಿವೆ. ಒಬ್ಬ ಗಂಡಸು, ತಲೆ ಬಾಚಿಲ್ಲ.”

“ನಿನ್ನ ಕಣ್ಣು ಯಾವ ಬಣ್ಣ?”

ಅವಳು ಅವನ ಕಿವಿಯ ಹತ್ತಿರ ಬಾಗಿ ಮೂರು ಅಂಕಿ ಹೇಳಿದಳು. ಅವನು ಕಣ್ಣು ಮುಚ್ಚಿ, ಒಂದೊಂದನ್ನೇ ಬೆರೆಸುತ್ತಿರುವವನಂತೆ ಕುಳಿತ. ಮುಖ ನಿಧಾನವಾಗಿ ಅರಳಿತು.

“ಒಂದು ಅಂಕಿ ತಪ್ಪು ಹೇಳಿದೀನಿ,” ಎಂದಳು.

“ಯಾವುದು?”

“ನೀನೇ ಹುಡುಕು.”

“ನಾನು ನಿಧಾನ ಕಣೇ. ಹೋದ ಬಗ್ಗಿಗೆ ಹನ್ನೊಂದು ವರ್ಷ ಬೇಕಾಯ್ತು.”

“ಆಗಲಿ,” ಎಂದು ಅವಳು ಅವನ ಭುಜಕ್ಕೆ ತಲೆಯಾನಿಸಿದಳು. “ನಾನೇನು ಎಲ್ಲಿಗೂ ಹೋಗಲ್ಲ.”